ಹಡಗಿನಿಂದ ಇಳಿದು ಮೂರು ದಿನವಾಯಿತು, ಅಡುಗೆಮನೆ ಇನ್ನೂ ತೂಗುತ್ತಿದೆ. ಜೊತೆಗೆ ಅತ್ತೆಯ ಅಡಕೊತ್ತು ಹೋಯಿತು

ಟಿಳಕವಾಡಿ ಸೊಸೆ
ಎಲ್ಲರಿಗೂ ನಮಸ್ಕಾರ. ಎರಡು ಪ್ರಶ್ನೆ ಇವೆ. ಒಂದಕ್ಕೆ ಉತ್ತರ ಸಿಕ್ಕರೂ ಸಾಕು.

ಮುಂಬೈಯಿಂದ ಹೊರಟು ಲಕ್ಷದ್ವೀಪ ನೋಡಿಕೊಂಡು ಮತ್ತೆ ಮುಂಬೈಗೆ ಬರುವ ಹಡಗಿನಲ್ಲಿ ಐದು ರಾತ್ರಿ ಇದ್ದು ಬಂದೆವು. ನಾನು, ನಮ್ಮವರು, ಮಗಳು, ಅತ್ತೆ. ಭಾನುವಾರ ಬೆಳಿಗ್ಗೆ ಇಳಿದು, ರಾತ್ರಿ ರೈಲು ಹಿಡಿದು ಸೋಮವಾರ ಬೆಳಗಾವಿ ಮುಟ್ಟಿದೆವು. ಇವತ್ತು ಬುಧವಾರ. ಇನ್ನೂ ನೆಲ ನಿಂತಿಲ್ಲ. ಒಲೆ ಮುಂದೆ ನಿಂತರೆ ಮೆಲ್ಲಗೆ ಎಡಕ್ಕೆ ವಾಲಿದ ಹಾಗೆ, ಆಮೇಲೆ ಬಲಕ್ಕೆ. ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ರೊಟ್ಟಿ ತಿರುವುತ್ತಿದ್ದೇನೆ. ತಮಾಷೆ ಏನೆಂದರೆ, ಹಡಗಿನಲ್ಲಿ ಇದ್ದಾಗ ಏನೂ ಆಗಿರಲಿಲ್ಲ. ಈಗಲೂ ಸ್ಕೂಟಿ ಹತ್ತಿದರೆ ಆರಾಮ. ಇಳಿದರೆ ಮತ್ತೆ ಶುರು. ಇದು ಸಹಜವಾ, ಡಾಕ್ಟರ್ ಹತ್ತಿರ ಹೋಗಬೇಕಾ?

ಎರಡನೆಯದು ಅಡಕೊತ್ತು. ಹಡಗು ಹತ್ತುವ ದಿನ ಚೀಲಗಳ ತಪಾಸಣೆಯಲ್ಲಿ ಅತ್ತೆಯ ಎಲೆ ಅಡಿಕೆ ಚಂಚಿ ಸಿಕ್ಕಿಬಿತ್ತು. ಎಲೆ ಬಿಟ್ಟರು, ಅಡಿಕೆ ಬಿಟ್ಟರು, ಅಡಕೊತ್ತು ಹರಿತದ ವಸ್ತು ಅಂತ ತೆಗೆದಿಟ್ಟರು. ರೂಮ್ ನಂಬರ್ ಬರೆದ ಚೀಟಿ ಕಟ್ಟಿ, 'ಕೊನೆಯ ದಿನ ಇಳಿಯುವಾಗ ತೆಗೆದುಕೊಳ್ಳಿ' ಎಂದರು. ಐದು ದಿನ ಅತ್ತೆ ಪಾಕೀಟಿನ ಸುಪಾರಿ ಜಗಿದರು. 'ಮರದ ಚೂರು' ಅಂತ ಬೈಯುತ್ತಲೇ ಜಗಿದರು.

ಕೊನೆಯ ದಿನದ ಗಡಿಬಿಡಿ ಹೋದವರಿಗೇ ಗೊತ್ತು. ಹಿಂದಿನ ರಾತ್ರಿಯೇ ದೊಡ್ಡ ಚೀಲಗಳಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ನಾವು ಮರುದಿನದ ಬಟ್ಟೆಯನ್ನೂ ಅದರಲ್ಲೇ ತುಂಬಿ ಕಳಿಸಿಬಿಟ್ಟಿದ್ದೆವು. ನಮ್ಮವರು ರಾತ್ರಿ ಮಲಗಿದ ಲುಂಗಿಯಲ್ಲೇ ತಿಂಡಿಗೆ ಬಂದರು. ಬೆಳಿಗ್ಗೆ ಬಣ್ಣದ ಪ್ರಕಾರ ಕರೆಯುತ್ತಾರೆ. ನಮ್ಮದು ಹಸಿರು. ಹಸಿರು ಕರೆಯುವ ಹೊತ್ತಿಗೆ ನಾನು ಬಿಲ್ ಕೌಂಟರ್ ಸಾಲಿನಲ್ಲಿದ್ದೆ. ಆ ಗದ್ದಲದಲ್ಲಿ ಅಡಕೊತ್ತು ಮರೆತೇ ಹೋಯಿತು. ಪುಣೆ ದಾಟಿದ ಮೇಲೆ ಅತ್ತೆ ಚಂಚಿ ಬಿಚ್ಚಿದರು. ಏನೂ ಅನ್ನಲಿಲ್ಲ. ಮತ್ತೆ ಕಟ್ಟಿ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅದನ್ನು ತಿರುಗಿ ಪಡೆಯುವ ದಾರಿ ಇದೆಯಾ?

ಖಡಕ್ ರೊಟ್ಟಿ
ಐದು ದಿನ ಬಿಟ್ಟಿ ಊಟ ಜಾಸ್ತಿ ಆಗಿದೆ. ನೆಲ ತೂಗುತ್ತಿಲ್ಲ ವೈನಿ, ಹೊಟ್ಟೆ ತೂಗುತ್ತಿದೆ.

ಶಹಾಪುರ ಕಾಕಾ
ಯಾವ ಹಡಗು? ಎಷ್ಟಾಯಿತು ಖರ್ಚು?

ಟಿಳಕವಾಡಿ ಸೊಸೆ
ಕಾಕಾ, ಹಡಗಿನ ಹೆಸರು ಬೇಡ. ಅಡಕೊತ್ತು ಮರೆತದ್ದು ನಾವು, ಅವರಲ್ಲ. ಖರ್ಚು ಕೇಳಬೇಡಿ, ಎರಡು ವರ್ಷದ ಚೀಟಿ ದುಡ್ಡು. ಟಿಕೆಟ್ ಒಂದು ಲೆಕ್ಕ, ಒಳಗಿನ ಬಿಲ್ ಇನ್ನೊಂದು ಲೆಕ್ಕ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಸೇವಾ ಶುಲ್ಕ. ಮೊದಲೇ ಸಣ್ಣ ಅಕ್ಷರದಲ್ಲಿ ಬರೆದಿದ್ದರು, ನಾವು ಓದಿರಲಿಲ್ಲ. ಒಳಗೆ ನೋಟು ನಡೆಯುವುದಿಲ್ಲ, ಎಲ್ಲಕ್ಕೂ ರೂಮಿನ ಕಾರ್ಡ್ ತೋರಿಸಬೇಕು. ದುಡ್ಡು ಕೈಯಿಂದ ಹೋಗುವುದು ಕಾಣುವುದೇ ಇಲ್ಲ. ಕೊನೆಯ ರಾತ್ರಿ ಕಾಗದ ಬಂದಾಗ ಕಂಡಿತು.

ಕಿವಿ ಮೂಗು ಗಂಟಲು
ಅಕ್ಕಾ, ಗಾಬರಿ ಬೇಡ. ಇದಕ್ಕೆ ಫ್ರೆಂಚ್ ಹೆಸರೇ ಇದೆ, ಮಾಲ್ ದ ದೆಬಾರ್ಕ್‌ಮಾಂ. ಹಡಗು ಇಳಿದ ಮೇಲೆ ಬರುವ ತೊಂದರೆ ಅಂತಲೇ ಅದರ ಅರ್ಥ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಸಣ್ಣ ಕೊಳವೆಗಳಿವೆ. ತಲೆ ಯಾವ ಕಡೆ ಅಲುಗಿತು ಅಂತ ಮಿದುಳಿಗೆ ಹೇಳುವುದು ಅವೇ. ಐದು ದಿನ ತೂಗಾಡಿದ್ದಕ್ಕೆ ಮಿದುಳು ಒಗ್ಗಿಕೊಂಡು ಅದನ್ನು ಸರಿದೂಗಿಸುತ್ತಿತ್ತು. ಈಗ ನೆಲ ನಿಂತಿದೆ, ಮಿದುಳು ಇನ್ನೂ ಸರಿದೂಗಿಸುತ್ತಲೇ ಇದೆ. ಸ್ಕೂಟಿ ಮೇಲೆ ಆರಾಮ ಅನ್ನಿಸುವುದೂ ಅದಕ್ಕೇ. ಈ ತೊಂದರೆ ಇರುವವರಿಗೆ ಗಾಡಿಯಲ್ಲಿ ಹೋಗುವಾಗ ಕಡಿಮೆಯಾಗಿ, ಇಳಿದ ಮೇಲೆ ತಿರುಗಿ ಬರುವುದು ಇದರ ಗುರುತು.

ಬಹಳ ಜನಕ್ಕೆ ಒಂದೆರಡು ದಿನದಲ್ಲಿ ಹೋಗುತ್ತದೆ, ಕೆಲವರಿಗೆ ಇನ್ನಷ್ಟು ದಿನ. ಮಲಗಿಕೊಂಡೇ ಇರಬೇಡಿ, ನಡೆದಾಡಿ. ವಾಂತಿ, ಕಿವಿ ಕೇಳದಿರುವುದು, ಜೋರು ತಲೆನೋವು ಇದ್ದರೆ ಕಾಯದೆ ತೋರಿಸಿ. ತಿಂಗಳಾದರೂ ಹೋಗದಿದ್ದರೂ ತೋರಿಸಬೇಕು.

ಖಡಕ್ ರೊಟ್ಟಿ
ಅಂದರೆ ಸ್ಕೂಟಿ ಇಳಿಯಬಾರದು. ರೊಟ್ಟಿ ಯಾರು ಮಾಡಬೇಕು?

ಟಿಳಕವಾಡಿ ಸೊಸೆ
ಡಾಕ್ಟ್ರೇ, ಬಹಳ ಉಪಕಾರವಾಯಿತು. ರೊಟ್ಟಿ ಅಣ್ಣಾ, ನೀವೇ ಬಂದು ಮಾಡಿ.

ಗುಮ್ಮಟದ ಪ್ರತಿಧ್ವನಿ
ವಿಜಯಪುರದವನು ನಾನು, ನನಗೆ ಒಂದೇ ಪ್ರಶ್ನೆ. ಐದು ದಿನ ಸಾವಿರಾರು ಜನಕ್ಕೆ ಸ್ನಾನದ ನೀರು ಎಲ್ಲಿಂದ ಬಂತು? ನಮ್ಮ ಓಣಿಯಲ್ಲಿ ಬೇಸಿಗೆಯಲ್ಲಿ ನಳದ ಮುಂದೆ ಕೊಡಗಳ ಸಾಲು ಇರುತ್ತದೆ.

ಚಿಕ್ಕೋಡಿ ಕಡಲಿಗ
ಇದಕ್ಕೆ ನಾನು ಹೇಳುತ್ತೇನೆ, ಆರು ವರ್ಷ ಹಡಗುಗಳಲ್ಲಿ ರೂಮು ನೋಡಿಕೊಳ್ಳುವ ಕೆಲಸ ಮಾಡಿದವ. ಸಿಹಿನೀರು ಬಹುಪಾಲು ಹಡಗಿನಲ್ಲೇ ತಯಾರಾಗುತ್ತದೆ. ಇಂಜಿನ್ ಬಿಸಿಯಿಂದ ಸಮುದ್ರದ ನೀರನ್ನು ಆವಿ ಮಾಡಿ ತಣಿಸುವುದು ಒಂದು ದಾರಿ. ಒತ್ತಡದಿಂದ ಪೊರೆಯ ಮೂಲಕ ಸೋಸುವುದು ಇನ್ನೊಂದು, ನಿಮ್ಮ ಮನೆಯ ಆರ್‌ಓ ಇದ್ದ ಹಾಗೆ. ಬಂದರಿನಲ್ಲೂ ತುಂಬಿಸಿಕೊಳ್ಳುತ್ತಾರೆ.

ಈಗ ಅಕ್ಕನ ವಿಷಯ. ನಿಮ್ಮ ಕೊನೆಯ ದಿನ ಇದೆಯಲ್ಲ, ಅದು ನಮಗೆ ಸಂತೆ ದಿನ. ನೀವು ಬಾಗಿಲ ಹೊರಗೆ ಇಟ್ಟ ಚೀಲಗಳನ್ನು ರಾತ್ರಿಯಿಡೀ ಕೆಳಗೆ ಸಾಗಿಸುತ್ತೇವೆ. ಕೆಳಗಿನ ಅಂತಸ್ತಿನಲ್ಲಿ ಹಡಗಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ದಾರಿ ಇರುತ್ತದೆ, ನಮ್ಮವರೆಲ್ಲ ಅದನ್ನು ಅಮೆರಿಕದ ಹೆದ್ದಾರಿಯ ಹೆಸರಿನಿಂದ ಐ-95 ಅನ್ನುತ್ತಾರೆ. ಆ ರಾತ್ರಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಳಿಗ್ಗೆ ನೀವು ಇಳಿಯುತ್ತೀರಿ, ಮಧ್ಯಾಹ್ನ ಹೊಸಬರು ಹತ್ತುತ್ತಾರೆ. ನಡುವಿನ ಕೆಲವೇ ಗಂಟೆಯಲ್ಲಿ ಹಾಸಿಗೆ, ಬಚ್ಚಲು, ಕನ್ನಡಿ ಎಲ್ಲ ಹೊಸದಾಗಬೇಕು. ನೀವು ಮರೆತ ಚಾರ್ಜರ್, ಹಲ್ಲಿನ ಸೆಟ್ಟು, ಮಗುವಿನ ಬೂಟು ಎಲ್ಲ ಸಿಗುತ್ತವೆ. ಒಮ್ಮೆ ಒಬ್ಬರು ಗಂಡನನ್ನೇ ಮರೆತು ಇಳಿದಿದ್ದರು. ಸೌನಾದಲ್ಲಿ ಮಲಗಿದ್ದ ಪುಣ್ಯಾತ್ಮ.

ಮೊದಲ ಸಲ ಹೋದಾಗ ಪ್ರವಾಸಿಗರು ಇಳಿಯುವ ದಿನ ಬೇಸರ ಆಗುತ್ತಿತ್ತು. ಒಬ್ಬ ಮುದುಕ ಕೈ ಹಿಡಿದು ಅತ್ತಿದ್ದ, ನಾನೂ ಅತ್ತೆ. ಎರಡು ತಿಂಗಳಾದ ಮೇಲೆ ಮುಖ ನೆನಪಿರುವುದಿಲ್ಲ, ರೂಮ್ ನಂಬರ್ ನೆನಪಿರುತ್ತದೆ. ಎಂಟು ತಿಂಗಳ ಒಪ್ಪಂದ ಮುಗಿಸಿ ಊರಿಗೆ ಬಂದರೆ ನನಗೆ ಮಂಚದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಇಂಜಿನ್ ಗುಂಯ್ ಅನ್ನುವ ಸದ್ದು ಇಲ್ಲವಲ್ಲ. ಅವ್ವ ದೃಷ್ಟಿ ತೆಗೆದಳು. ಕೊನೆಗೆ ಹಿಟ್ಟಿನ ಗಿರಣಿ ಹತ್ತಿರ ಕಾಕಾನ ಮನೆಯಲ್ಲಿ ಹೋಗಿ ಮಲಗಿದೆ.

ಅಡಕೊತ್ತು ಎಲ್ಲೂ ಹೋಗಿರುವುದಿಲ್ಲ. ಬಿಟ್ಟುಹೋದ ವಸ್ತುಗಳನ್ನು ರೂಮ್ ನಂಬರ್, ದಿನಾಂಕ ಬರೆದು ಇಡುತ್ತಾರೆ. ಬುಕಿಂಗ್ ನಂಬರ್, ಇಳಿದ ದಿನ, ರೂಮ್ ನಂಬರ್ ಹಾಕಿ ಇವತ್ತೇ ಮೇಲ್ ಮಾಡಿ. ಅಡಕೊತ್ತಿನ ಫೋಟೋ ಇದ್ದರೆ ಕಳಿಸಿ. ಅದು ಏನು ಅಂತ ಅವರಿಗೆ ಗೊತ್ತಿರುವುದಿಲ್ಲ.

ಸದಾಶಿವಗಡದ ಮೀನು
ಗಂಡನನ್ನು ಮರೆತ ಕತೆ ಸುಳ್ಳು ಮಾರಾಯ್ರೆ. ಹತ್ತುವಾಗ ಇಳಿಯುವಾಗ ಕಾರ್ಡ್ ತೋರಿಸಬೇಕು, ಲೆಕ್ಕದಲ್ಲಿ ಒಬ್ಬ ಕಡಿಮೆಯಾದರೆ ಗೊತ್ತಾಗುತ್ತದೆ.

ಚಿಕ್ಕೋಡಿ ಕಡಲಿಗ
ಅದಕ್ಕೇ ಗೊತ್ತಾಯಿತು ಸರ್. ಹೆಂಡತಿಗೆ ಟ್ಯಾಕ್ಸಿಯಲ್ಲಿ ಗೊತ್ತಾಯಿತು, ನಮಗೆ ಲೆಕ್ಕದಲ್ಲಿ.

ಖಡಕ್ ರೊಟ್ಟಿ
ನನ್ನ ಅಭಿಪ್ರಾಯ ಕೇಳಿದರೆ, ಕೇಳದಿದ್ದರೂ ಹೇಳುತ್ತೇನೆ, ಇದೆಲ್ಲ ನೀರಿನ ಮೇಲಿನ ಲಾಡ್ಜು. ತಿನ್ನು, ಮಲಗು, ಕುಣಿ. ಊರು ನೋಡಿದ ಹಾಗೂ ಅಲ್ಲ, ಸಮುದ್ರ ನೋಡಿದ ಹಾಗೂ ಅಲ್ಲ. ಆ ದುಡ್ಡಿನಲ್ಲಿ ಸವದತ್ತಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಿ ಮನೆಗೆ ಒಂದು ಫ್ರಿಜ್ ತರಬಹುದಿತ್ತು.

ಟಿಳಕವಾಡಿ ಸೊಸೆ
ರೊಟ್ಟಿ ಅಣ್ಣಾ, ಬಾದಾಮಿಗೆ ಹೋದಾಗಲೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿದವಳು ನಾನೇ. ಅಲ್ಲಿ ಗುಹೆ ಮುಂದೆ ಕೂತು ಎಲ್ಲರಿಗೂ ಬಡಿಸಿದವಳೂ ನಾನೇ. ಹಡಗಿನಲ್ಲಿ ಐದು ದಿನ ಯಾರೂ ನನ್ನನ್ನು 'ಇವತ್ತು ಏನು ಮಾಡಿದ್ದೀ' ಅಂತ ಕೇಳಲಿಲ್ಲ. ಮೂರನೇ ದಿನ ನಾನೇ ನಮ್ಮವರನ್ನು ಕೇಳಿದೆ, 'ಇವತ್ತು ಏನು ಊಟ?' ಅವರು ತಬ್ಬಿಬ್ಬಾದರು. ಫ್ರಿಜ್ ಇದೆ ನಮ್ಮ ಮನೆಯಲ್ಲಿ.

ಜೋಳದ ಹೊಲ
ವೈನಿಯವರ ಮಾತಿಗೆ ನನ್ನದೊಂದು ಸಲಾಮು. ರೊಟ್ಟಿ ಅಣ್ಣ ಈಗ ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಖಡಕ್ ರೊಟ್ಟಿ
ಆಯಿತು ಬಿಡಿ.

ಶಹಾಪುರ ಕಾಕಾ
ಹಡಗು ಅಂದರೆ ಬೆಳಗಾವಿಗೆ ಹೊಸದಲ್ಲ. ನಮ್ಮ ಅಜ್ಜನ ಅಪ್ಪ ಶಹಾಪುರದ ಸೀರೆ ಗಂಟು ಹೊತ್ತು ಆಂಬೋಲಿ ಘಾಟ್ ಇಳಿದು ವೆಂಗುರ್ಲಾ ಬಂದರಿಗೆ ಹೋಗುತ್ತಿದ್ದರಂತೆ. ಅಲ್ಲಿಂದ ಆಗಬೋಟಿಯಲ್ಲಿ, ಅಂದರೆ ಉಗಿ ಹಡಗಿನಲ್ಲಿ, ಮುಂಬೈ. ಬೆಳಗಾವಿ ದಂಡಿಗೆ ಬೇಕಾದ ಸಾಮಾನೂ ಅದೇ ದಾರಿಯಲ್ಲಿ ಮೇಲೆ ಬರುತ್ತಿತ್ತು. ರೈಲು ಬಂದ ಮೇಲೆ ಆ ದಾರಿಯ ಗತ್ತು ಇಳಿಯಿತು. ಆಗಬೋಟಿಯಲ್ಲಿ ಕಂಬಳಿ ಹಾಸಿಕೊಂಡು ಬಯಲಲ್ಲೇ ಮಲಗುವುದು, ಮೈಮೇಲೆ ಉಪ್ಪು. ಈಗಿನ ಹಡಗುಗಳ ಹಾಗೆ ಅವರಿಗೆ ಯಾರೂ ಟವೆಲ್ಲಿನಲ್ಲಿ ಆನೆ ಮಾಡಿ ಹಾಸಿಗೆ ಮೇಲೆ ಇಡುತ್ತಿರಲಿಲ್ಲ.

ಗುಮ್ಮಟದ ಪ್ರತಿಧ್ವನಿ
ಹಾಗೆ ನೋಡಿದರೆ ವಿಜಯಪುರಕ್ಕೂ ಬಂದರು ಇತ್ತು ಕಾಕಾ. ದಾಭೋಳ ಆದಿಲಶಾಹಿಗಳದ್ದು. 1510ಕ್ಕೆ ಮೊದಲು ಗೋವಾ ಕೂಡ ಅವರದ್ದೇ. ಆಮೇಲೆ ಪೋರ್ಚುಗೀಸರ ಆಲ್ಬುಕರ್ಕ್ ಕಿತ್ತುಕೊಂಡ. ಇಲ್ಲಿ ಗುಮ್ಮಟದ ನೆರಳಲ್ಲಿ ಕೂತವರಿಗೆ ಸಮುದ್ರದ ಲೆಕ್ಕ ಇತ್ತು.

ಜೋಳದ ಹೊಲ
ಇತಿಹಾಸ ಸಾಕು. ಹಡಗು ಎಷ್ಟು ಜೋರು ಹೋಗುತ್ತದೆ?

ಟಿಳಕವಾಡಿ ಸೊಸೆ
ರೂಮಿನ ಟಿವಿಯಲ್ಲಿ ತೋರಿಸುತ್ತಿದ್ದರು, 15 ನಾಟ್ ಆಸುಪಾಸು.

ಜೋಳದ ಹೊಲ
ಅಂದರೆ 24 ಕಿ.ಮೀ. ನಮ್ಮ ಟ್ರ್ಯಾಕ್ಟರ್!

ಸದಾಶಿವಗಡದ ಮೀನು
ಅದು ನೆಲದ ಮೈಲಿ ಲೆಕ್ಕ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. 15 ನಾಟ್ ಸುಮಾರು 28 ಕಿ.ಮೀ. ಆಯಿತು. ಮುಂಬೈಯಿಂದ ಲಕ್ಷದ್ವೀಪದ ಅಗತ್ತಿಗೆ ನೇರ ಅಳೆದರೂ 900 ಕಿ.ಮೀ. ಇದೆ. ಟ್ರ್ಯಾಕ್ಟರ್ ರಾತ್ರಿ ನಿಲ್ಲುತ್ತದೆ, ಹಡಗು ನಿಲ್ಲುವುದಿಲ್ಲ. ಹಾಂ, ಅಕ್ಕಾ, ಫೋನ್ ಬಿಲ್ ನೋಡಿದಿರಾ? ದಡದ ಸಿಗ್ನಲ್ ಹೋದ ಮೇಲೆ ಫೋನ್ ಹಡಗಿನ ನೆಟ್‌ವರ್ಕ್ ಹಿಡಿದುಬಿಡುತ್ತದೆ. ಏರೋಪ್ಲೇನ್ ಮೋಡ್ ಹಾಕದೆ ನಮ್ಮ ಭಾವ ಒಂದೇ ರಾತ್ರಿಯಲ್ಲಿ ನುಣ್ಣಗಾದ.

ಟಿಳಕವಾಡಿ ಸೊಸೆ
ಅಯ್ಯೋ, ಅದೊಂದು ಉಳಿಯಿತು. ಮಗಳು ಎಲ್ಲರದ್ದೂ ಆಫ್ ಮಾಡಿಸಿದ್ದಳು.

ಹೊಳೆಸಾಲು
ತಂಗೀ, ನಾನು ಬಾಗಲಕೋಟೆಯವಳು. ಅಡಕೊತ್ತು ಅಂದಿರಿ, ಅದಕ್ಕೇ ಕೇಳುತ್ತಿದ್ದೇನೆ. ಅಂಗಡಿಯಲ್ಲಿ ಹೊಸದು ಸಿಗುತ್ತದಲ್ಲ, ಒಂದು ತಂದುಕೊಡಬಾರದಾ? ಹಳೆಯದಾ ಅದು?

ಟಿಳಕವಾಡಿ ಸೊಸೆ
ತಂದೆ ಅಕ್ಕಾರ. ಮಂಗಳವಾರವೇ ಪೇಟೆಯಿಂದ ತಂದೆ. ಅತ್ತೆ ಒಂದು ಅಡಿಕೆ ಕತ್ತರಿಸಿ ನೋಡಿ, 'ಛಲೋ ಐತಿ' ಎಂದು ಕಪಾಟಿನಲ್ಲಿ ಇಟ್ಟರು. ಮತ್ತೆ ಮುಟ್ಟಿಲ್ಲ.

ಹಳೆಯದು ಅವರ ಅತ್ತೆ ಕೊಟ್ಟದ್ದು. ಗಿಳಿ ಆಕಾರದ್ದು. ಹಿಡಿಕೆ ಹಿತ್ತಾಳೆ, ಅಲಗು ಕಬ್ಬಿಣ. ನಮ್ಮವರ ಮೂಲ ಮನೆ ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಮನೆ ಹೋಯಿತು. ಖಾಲಿ ಮಾಡುವಾಗ ಬಾಗಿಲು, ತೊಲೆ, ಕಂಬ ಎಲ್ಲ ಕಿತ್ತು ಗಾಡಿಗೆ ಹಾಕಿದರಂತೆ. ಅತ್ತೆ ತಮ್ಮ ಕೈಯಲ್ಲಿ ಹಿಡಿದುಕೊಂಡು ಬಂದದ್ದು ದೇವರ ಡಬ್ಬಿ ಮತ್ತು ಈ ಚಂಚಿ.

ಹಡಗಿನಲ್ಲಿ ಅವರು ಈಜುಕೊಳದ ಕಡೆ ಬರಲಿಲ್ಲ, ಆರ್ಕೆಸ್ಟ್ರಾಕ್ಕೂ ಬರಲಿಲ್ಲ. ಹಿಂಬದಿಯಲ್ಲಿ ಒಂದು ಕುರ್ಚಿ ಹುಡುಕಿಕೊಂಡಿದ್ದರು. ಅಲ್ಲಿಂದ ಹಡಗು ನೀರನ್ನು ಸೀಳಿ ಬಿಟ್ಟ ಬಿಳಿ ದಾರಿ ಕಾಣುತ್ತದೆ. ಬಹಳ ದೂರದವರೆಗೆ ಇರುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಅದನ್ನೇ ನೋಡುತ್ತಾ ಕೂರುತ್ತಿದ್ದರು. ಕೊನೆಯ ಸಂಜೆ ನಾನೂ ಹೋಗಿ ಕೂತೆ. ಬಹಳ ಹೊತ್ತಾದ ಮೇಲೆ ಕೇಳಿದರು, 'ಇಷ್ಟ್ ನೀರಿನ ಬುಡಕ ಯಾರ ಮನೀನೂ ಇಲ್ಲೇನು?' ಇಲ್ಲ ಅತ್ತೆ, ಇದು ಸಮುದ್ರ ಎಂದೆ. 'ಹಂಗಾದ್ರ ಛಲೋ' ಎಂದರು.

ಹೊಳೆಸಾಲು
ನಮ್ಮದೂ ಹೋಗಿದೆ ತಂಗಿ. ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಈಗ ಮೀನು ಹಿಡಿಯುತ್ತಾರೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.

ನವನಗರದವ
ಒಂದು ತಿದ್ದುಪಡಿ. ಇಡೀ ಹಳೇ ಬಾಗಲಕೋಟೆ ಮುಳುಗಿಲ್ಲ. ಕೆಳಗಿನ ಭಾಗ ಹೋಗಿದೆ, ಮೇಲಿನ ಊರು ಈಗಲೂ ಇದೆ, ವ್ಯಾಪಾರ ಜೋರಾಗಿದೆ. ಹೊರಗಿನವರು 'ಮುಳುಗಿದ ಊರು' ಅಂತ ಬರೆದು ನಮ್ಮ ಜಾಗದ ರೇಟು ಇಳಿಸುತ್ತಾರೆ.

ಹೊಳೆಸಾಲು
ಅವರು ಮನೆ ಹೋಯಿತು ಎಂದರು, ಊರು ಹೋಯಿತು ಅನ್ನಲಿಲ್ಲ. ಸರಿಯಾಗಿ ಓದು ತಮ್ಮಾ.

ನವನಗರದವ
ಸರಿ ಅಕ್ಕಾರ. ಸುಮ್ನೆ ಹೇಳಿದೆ.

ಜೋಳದ ಹೊಲ
ಲಕ್ಷದ್ವೀಪದ ಬಗ್ಗೆ ಯಾರೂ ಏನೂ ಹೇಳಲೇ ಇಲ್ಲವಲ್ಲ?

ಟಿಳಕವಾಡಿ ಸೊಸೆ
ಹಡಗು ದೂರದಲ್ಲೇ ನಿಲ್ಲುತ್ತದೆ. ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ನೀರು ಆಳವಿಲ್ಲ. ಸಣ್ಣ ದೋಣಿಗೆ ಇಳಿಯಬೇಕು. ಅಲೆಯಲ್ಲಿ ದೋಣಿ ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಕಾಲಿಡಬೇಕು. ಅಲ್ಲಿನ ಇಬ್ಬರು ಹುಡುಗರು ಅತ್ತೆಯನ್ನು 'ಉಮ್ಮಾ, ಉಮ್ಮಾ' ಅನ್ನುತ್ತಾ ರಟ್ಟೆ ಹಿಡಿದು ಎತ್ತಿ ಇಳಿಸಿಕೊಂಡರು. ಹಾಗೆಂದರೆ ಅವ್ವ ಅಂತ ಅರ್ಥವಂತೆ. ನೀರಿನ ಬಣ್ಣ ಹೇಳಲು ಬರುವುದಿಲ್ಲ, ಫೋಟೋದಲ್ಲೂ ಬಂದಿಲ್ಲ. ಮೂರೇ ಗಂಟೆ ಬಿಟ್ಟರು. ರೊಟ್ಟಿ ಅಣ್ಣ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ, ಊರು ನೋಡಿದ ಹಾಗಲ್ಲ.

ಖಡಕ್ ರೊಟ್ಟಿ
ಎಲ್ಲರೂ ಗಮನಿಸಿ.

ಟಿಳಕವಾಡಿ ಸೊಸೆ
(ಎಂಟು ದಿನದ ನಂತರ) ಮೊದಲು ನೆಲದ ಸುದ್ದಿ. ಶನಿವಾರ ನಿಂತಿತು. ಬೆಳಿಗ್ಗೆ ಹಾಲು ಕಾಯಿಸುವಾಗ ಗೊತ್ತಾಯಿತು, ಎಲ್ಲ ಇದ್ದಲ್ಲೇ ಇದೆ. ಸ್ವಲ್ಪ ಬೇಸರವೂ ಆಯಿತು ಅನ್ನಿ.

ಅಡಕೊತ್ತು ಸಿಕ್ಕಿದೆ! ಕಡಲಿಗ ತಮ್ಮ ಹೇಳಿದ ಹಾಗೆ ಮೇಲ್ ಹಾಕಿದ್ದೆ. ಮೇಜಿನ ಮೇಲೆ ಇಟ್ಟು ಫೋಟೋ ಕಳಿಸಿದ್ದಾರೆ. ಪಕ್ಕದಲ್ಲಿ ಎರಡು ಇಸ್ತ್ರಿ ಪೆಟ್ಟಿಗೆ, ಒಂದು ನೀರು ಕಾಯಿಸುವ ಕೆಟಲ್ ಕೂಡ ಇವೆ, ಬೇರೆ ಮರೆಗುಳಿಗಳದ್ದು. ಪಟ್ಟಿಯಲ್ಲಿ 'ಹಕ್ಕಿ ಆಕಾರದ ಇಕ್ಕಳ' ಎಂದು ಬರೆದುಕೊಂಡಿದ್ದಾರೆ. ಆದರೆ ಕೊರಿಯರ್ ಮಾಡುವುದಿಲ್ಲವಂತೆ. ಯಾರಾದರೂ ಗುರುತಿನ ಚೀಟಿ, ನಮ್ಮ ಪತ್ರ ತೆಗೆದುಕೊಂಡು ಹೋಗಬೇಕು.

ಡೊಂಬಿವಲಿ ಬೆಳಗಾವಿಕರ
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನನ್ನ ಆಫೀಸು ಮುಂಬೈಯ ಫೋರ್ಟ್‌ನಲ್ಲಿ, ಹಡಗು ನಿಲ್ಲುವ ಬ್ಯಾಲಾರ್ಡ್ ಪಿಯರ್‌ಗೆ ನಡೆದು ಹೋಗಬಹುದು. ಪತ್ರ ಕಳಿಸಿ ವೈನಿ, ನಾನು ತರುತ್ತೇನೆ. ಮುಂದಿನ ವಾರ ಊರಿಗೆ ಬರುವುದಿದೆ. ಕೂಲಿ ಒಂದು ಡಬ್ಬಿ ಕರದಂಟು.

ಗೋಕಾಕ ಫಾಲ್ಸ್
ಕರದಂಟು ಅಂದರೆ ಗೋಕಾಕದ್ದೇ ಕೊಡಿ.

ನವನಗರದವ
ಅಮೀನಗಡದ್ದು ಇರುವಾಗ ಗೋಕಾಕದ್ದು ಯಾಕೆ?

ಗೋಕಾಕ ಫಾಲ್ಸ್
ಅಮೀನಗಡದ್ದು ಹಲ್ಲಿಗೆ ಅಂಟುತ್ತದೆ.

ನವನಗರದವ
ಹಲ್ಲು ಗಟ್ಟಿ ಇರಬೇಕು ಅಣ್ಣಾ.

ಶಹಾಪುರ ಕಾಕಾ
ಬೆಳಗಾವಿಯವರು ಕುಂದಾ ಕೊಡುತ್ತಾರೆ. ಇಬ್ಬರೂ ಸುಮ್ಮನಿರಿ.

ಡೊಂಬಿವಲಿ ಬೆಳಗಾವಿಕರ
ಇವತ್ತು ಕೈಗೆ ಬಂತು. ಗೇಟಿನ ಕಾವಲಿನವರು ಇದು ಏನು, ಯಾತಕ್ಕೆ ಅಂತ ಮೂರು ಸಲ ಕೇಳಿದರು. ಪಕ್ಕದ ಪಾನ್ ಅಂಗಡಿಯಿಂದ ಒಂದು ಇಡೀ ಅಡಿಕೆ ತಂದು ಅವರ ಮುಂದೆಯೇ ಕತ್ತರಿಸಿ ತೋರಿಸಿದೆ. ಅಲಗು ಇನ್ನೂ ಒಳ್ಳೆ ಹರಿತ. ಅರ್ಧ ಅವರು ತಿಂದರು, ಅರ್ಧ ನಾನು.

ಒಂದು ಸಣ್ಣ ವಿಷಯ ವೈನಿ. ಗಿಳಿಗೆ ಒಂದು ಕಡೆ ಕಣ್ಣಿನ ಕೆಂಪು ಹರಳು ಇಲ್ಲ, ಗುಳಿ ಮಾತ್ರ ಇದೆ. ಹಡಗಿನಲ್ಲಿ ಬಿದ್ದುಹೋಯಿತಾ? ಬೇಕಾದರೆ ಮತ್ತೆ ಹೋಗಿ ಕೇಳುತ್ತೇನೆ.

ಟಿಳಕವಾಡಿ ಸೊಸೆ
ಬೇಡ ಅಣ್ಣಾ. ಅತ್ತೆಯನ್ನು ಕೇಳಿದೆ. ಅದು ಹಳೇ ಮನೆಯಲ್ಲಿ ಬಿದ್ದದ್ದಂತೆ, ಪಡಸಾಲೆಯ ಬಂಡೆ ಸಂದಿಯಲ್ಲಿ. 'ಅಲ್ಲೇ ಐತಿ, ಎಲ್ಲಿ ಹೋಗತೈತಿ' ಎಂದರು.

ಖಡಕ್ ರೊಟ್ಟಿ
ಎಲ್ಲ ಸರಿ. ಕರದಂಟು ಯಾವ ಊರಿನದು ಕೊಡುತ್ತೀರಿ, ಅದನ್ನು ಹೇಳಿ.